ಜಟ್ಟಿ, ಗರಡಿ, ಉಸ್ತಾದ: ಚನ್ನಪಟ್ಟಣ ಸೀಮೆಯಲ್ಲಿ ಮಲ್ಲವಿದ್ಯೆಯ ಕಲಿಕೆ

ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಜಟ್ಟಿಗಳು ಬರುವುದು ಮೈಸೂರು, ಬೆಂಗಳೂರು, ಚಾಮರಾಜನಗರ ಮತ್ತು ಚನ್ನಪಟ್ಟಣ ಎಂಬ ನಾಲ್ಕು ಊರುಗಳಿಂದ. ಮೈಸೂರು ರಾಜಧಾನಿಯಾಗಿದ್ದ ಊರು, ಬೆಂಗಳೂರು ಕೋಟೆ ಪೇಟೆಗಳೆರಡೂ ಇದ್ದ ದೊಡ್ಡ ಪಟ್ಟಣ, ಚಾಮರಾಜನಗರ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ನೆಲವೆಂದು ಹೆಸರು ಬದಲಿಸಿ ಬೆಳೆಸಿದ ಊರು. ಆದ್ದರಿಂದ ಈ ಮೂರೂ ಅರಮನೆಯ ಸೇವೆಯ ಪಟ್ಟಿಯಲ್ಲಿರುವುದು ಸಹಜ. ನಾಲ್ಕನೆಯದಾದ ಚನ್ನಪಟ್ಟಣ ಇಂದಿನವರಿಗೆ ಗೊತ್ತಿರುವುದು ಆಲೆಮರದ ಬಣ್ಣದ ಬೊಂಬೆಗಳಿಂದ, ಇಲ್ಲವೆ ರೇಷ್ಮೆಯಿಂದ. ಮಲ್ಲವಿದ್ಯೆಯನ್ನು ವಂಶಪಾರಂಪರ್ಯವಾಗಿ ಉಳಿಸಿಕೊಂಡ ಒಂದು ಸಮುದಾಯದ ನೆಲೆಗಳಲ್ಲಿ ಈ ಊರೂ ಒಂದೆಂಬುದು ದಸರೆಯ ವಾರದಲ್ಲಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡು ಮತ್ತೆ ಮರೆಯಾಗುವ ಸಂಗತಿ. ದೇಹವನ್ನೇ ಸಾಧನವಾಗಿ ಉಳ್ಳ ವಿದ್ಯೆಯೊಂದನ್ನು ಯಾರು ಯಾರಿಗೆ ಹೇಗೆ ಕಲಿಸಿದರು, ಆ ಕಲಿಕೆ ಅಪ್ಪಟವೆಂದು ಯಾವುದರಿಂದ ತಿಳಿಯುತ್ತಿತ್ತು ಎಂಬ ಪ್ರಶ್ನೆಗೆ ಈ ಸೀಮೆಯ ಇತಿಹಾಸದಲ್ಲಿ ಸ್ಪಷ್ಟವಾದ ಉತ್ತರವೇ ದೊರೆಯುತ್ತದೆ.

ಜಟ್ಟಿ ಎಂದರೆ ಮಲ್ಲ, ಕುಸ್ತಿಯಾಳು. ಇದು ಸಾಮಾನ್ಯವಾಗಿ ಬಲಶಾಲಿ ಎಂಬರ್ಥದಲ್ಲಿಯೂ ಬಳಕೆಯಲ್ಲಿದೆಯಾದರೂ, ಅರಮನೆಯ ಕಾಳಗದ ಸಂದರ್ಭದಲ್ಲಿ ಅದು ಒಂದು ಸಮುದಾಯದ ಹೆಸರು. ಈ ಸಮುದಾಯಕ್ಕೆ ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲರೊಡನೆ ಸಂಬಂಧ ಕಲ್ಪಿಸಿ ಹೇಳುವ ಪರಂಪರೆಯಿದ್ದು, ಅಲ್ಲಿನ ಮಲ್ಲರಂತೆ ಇಲ್ಲಿನವರೂ ನಿಂಬಜಾದೇವಿಯನ್ನು ಕುಲದೇವತೆಯಾಗಿ ಪೂಜಿಸುತ್ತಾರೆ. ಮೊಢೇರದ ಮಲ್ಲರ ಹುಟ್ಟು, ಆಚಾರ, ಆಹಾರ, ವ್ಯಾಯಾಮಗಳನ್ನು ವಿವರಿಸುವ 'ಮಲ್ಲಪುರಾಣ' ಎಂಬ ಸಂಸ್ಕೃತ ಗ್ರಂಥವನ್ನು ಬರೋಡದ ಓರಿಯಂಟಲ್ ಇನ್‌ಸ್ಟಿಟ್ಯೂಟ್ 1964ರಲ್ಲಿ ಪ್ರಕಟಿಸಿತು. ಪುರಾಣವೆಂಬ ಹೆಸರಿದ್ದರೂ ಅದರ ಹೆಚ್ಚಿನ ಭಾಗ ಪಾಠಕ್ರಮವೇ ಆಗಿದೆ: ಕಣದಲ್ಲಿ ಜೊತೆಗಾರನೊಡನೆ ಮಾಡುವ ರಂಗಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ, ಮೆಟ್ಟಿಲು ಹತ್ತುವ ಸೋಪಾನಾರೋಹಣ ಮೊದಲಾದವುಗಳ ಜೊತೆಗೆ, ಪಟ್ಟು ಮತ್ತು ಪ್ರತಿಪಟ್ಟುಗಳನ್ನು ಕುಳಿತು ಚರ್ಚಿಸುವ ಊಹಾಪೋಹಶ್ರಮವನ್ನೂ ಅದು ವ್ಯಾಯಾಮದ ಪಟ್ಟಿಯಲ್ಲೇ ಸೇರಿಸುತ್ತದೆ. ಮೈಕಟ್ಟನ್ನು ಬೆಳೆಸುವ ವಿದ್ಯೆಯಲ್ಲಿ ಮಾತು ಮತ್ತು ಆಲೋಚನೆಗೆ ಪ್ರತ್ಯೇಕ ಹೊತ್ತನ್ನು ಮೀಸಲಿಟ್ಟ ಈ ಗ್ರಂಥಕಾರ, ಕಲಿಸುವುದೆಂದರೇನು ಎಂಬುದನ್ನು ಬಲ್ಲವನಾಗಿದ್ದನೆಂದೇ ಹೇಳಬೇಕು.

ಕನ್ನಡನಾಡಿನ ಮಟ್ಟಿಗೆ ಇದಕ್ಕೂ ಹಿಂದಿನ ಆಧಾರ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಸುಮಾರು 1130ರ ಹೊತ್ತಿನ 'ಮಾನಸೋಲ್ಲಾಸ'. ಅದರ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ವಯಸ್ಸು, ಬಲ, ಅನುಭವಗಳಿಗೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ, ಭಾರ ಹೊರುವ, ನಡೆಯುವ, ಈಜುವ, ತೋಳು ಸೆಣಸುವ ಮತ್ತು ಕಂಬದ ಶ್ರಮಗಳನ್ನು ಹೇಳಿ, ಅರಸನ ಖರ್ಚಿನಲ್ಲಿ ಅವರಿಗೆ ದೊರೆಯಬೇಕಾದ ಆಹಾರವನ್ನೂ ನಮೂದಿಸಿದೆ. ಆ ಮಲ್ಲರು ದಿನವೂ ಬೆವರು ಸುರಿಸುತ್ತಿದ್ದುದು ಒಂದು ದಿನ ಅರಸನೆದುರು ಕಣಕ್ಕಿಳಿಯುವುದಕ್ಕಾಗಿ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು.

ವಿಜಯನಗರದ ಮಹಾನವಮಿಯಲ್ಲಿ ಈ ಪರೀಕ್ಷೆ ರಾಜ್ಯದ ಹಬ್ಬದ ಅಂಗವೇ ಆಯಿತು. 1520ರ ಆಸುಪಾಸಿನಲ್ಲಿ ಅದನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿನ ಮಲ್ಲಯುದ್ಧ ತಮ್ಮ ನಾಡಿನದರಂತಲ್ಲ, ಹಲ್ಲು ಮುರಿಯುವಂತಹ, ಮುಖ ವಿಕಾರಗೊಳ್ಳುವಂತಹ ಹೊಡೆತಗಳಿರುತ್ತವೆ ಎಂದು ಬರೆದಿದ್ದಾನೆ. ಅವನ ನಂತರ ಬಂದ ನೂನಿಜ್, ಮಲ್ಲರು ಕೈಯಲ್ಲಿ ಮೊನೆಗಳುಳ್ಳ ಬಳೆಯಂತಹ ಸಾಧನಗಳನ್ನು ಹಿಡಿದು ಹೊಡೆದಾಡುವುದನ್ನೂ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆಯ ಉಡುಗೊರೆ ದೊರೆಯುವುದನ್ನೂ ದಾಖಲಿಸಿದ್ದಾನೆ. ವಜ್ರಮುಷ್ಟಿಯ ಕಾಳಗಕ್ಕೆ ಸಮೀಪವಾದ ಹಳೆಯ ವರ್ಣನೆಗಳಲ್ಲಿ ಇದು ಗಮನಾರ್ಹವಾದುದು. ವಿಜಯನಗರ ಕುಗ್ಗಿದ ಮೇಲೆ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಮುಂದುವರಿಸಿದಾಗ ಜಟ್ಟಿಗಳ ಕಾಳಗವೂ ಅದರೊಡನೆ ಬಂದಿತು. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಅಂದರೆ 1638ರಿಂದ 1659ರವರೆಗೆ, ಅರಸನೇ ಮಲ್ಲವಿದ್ಯೆಯಲ್ಲಿ ಪಳಗಿದವನಾಗಿದ್ದ. ಆತ ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಹೆಸರಾಂತ ಮಲ್ಲನನ್ನು ಸೋಲಿಸಿದ ಕಥೆ ಮೈಸೂರು ಸೀಮೆಯ ಗರಡಿಗಳಲ್ಲಿ ಇಂದಿಗೂ ಮೊದಲ ಪಾಠದಂತೆ ಹೇಳಲ್ಪಡುತ್ತದೆ.

ಚನ್ನಪಟ್ಟಣ ಮೈಸೂರಿನ ಕೈಗೆ ಬಂದುದು ಇದಕ್ಕೆ ತುಸು ಮುಂಚೆ, 1630ರಲ್ಲಿ. ಅದಕ್ಕೆ ಮೊದಲು ಅದು ವಿಜಯನಗರದ ಸಾಮಂತನಾದ ಜಗದೇವರಾಯನ ವಂಶದ ರಾಜಧಾನಿಯಾಗಿದ್ದು, ಕೋಟೆ, ಪೇಟೆ, ಸೈನ್ಯಗಳಿದ್ದ ಊರಾಗಿತ್ತು. ಉತ್ತರಕ್ಕೆ ಮಾಗಡಿ ಮತ್ತು ಸಾವನದುರ್ಗ ಕೆಂಪೇಗೌಡನ ವಂಶದವರಲ್ಲಿದ್ದು 1728ರಲ್ಲಿ ಮೈಸೂರಿಗೆ ಸೇರಿದವು. ಪೂರ್ವಕ್ಕೆ ಅಂದಿನ ಕಾನಕಾನಹಳ್ಳಿ, ಇಂದಿನ ಕನಕಪುರ, ಕಾವೇರಿಯ ಕಾಡಿನ ಅಂಚಿನ ನಾಡು. ಇವುಗಳ ನಡುವಿನ ರಾಮನಗರವಂತೂ ಆಗ ಪಟ್ಟಣವೇ ಆಗಿರಲಿಲ್ಲ. ದಾರಿಹೋಕರನ್ನು ದೋಚುವವರು ಅಡಗುತ್ತಿದ್ದ ಕಾಡನ್ನು ಕಡಿಸಿ ದಿವಾನ್ ಪೂರ್ಣಯ್ಯನವರು 1800ರಲ್ಲಿ ಊರು ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸಾಗುವ ದಾರಿಯಲ್ಲಿ, ಬೆಟ್ಟಗುಡ್ಡಗಳ ಹಾಗೂ ಪಾಳೆಯಗಾರರ ನಡುವೆ, ಕಟ್ಟಾಳುಗಳಿಗೆ, ಅಂದರೆ ಕಾದಾಟವನ್ನು ಬಲ್ಲ ಆಳುಗಳಿಗೆ, ಬೇಡಿಕೆಯಿದ್ದ ನೆಲವಿದು. ಅರಮನೆಯ ಜಟ್ಟಿಗಳ ಒಂದು ನೆಲೆ ಚನ್ನಪಟ್ಟಣದಲ್ಲಿ ಉಳಿದುಬಂದುದಕ್ಕೆ ಈ ಹಿನ್ನೆಲೆಯೇ ಸಾಕಷ್ಟು ಕಾರಣ.

ವಜ್ರಮುಷ್ಟಿ ಎಂಬುದು ಬಲಗೈಯ ಬೆರಳುಗಳ ಗೆಣ್ಣುಗಳ ಮೇಲೆ ಕೂರುವ, ಮೊನಚಾದ ಗುಬುಟುಗಳುಳ್ಳ ಆಯುಧ. ಮೈಸೂರಿನಲ್ಲಿ ರೆಸಿಡೆಂಟನ ಹುದ್ದೆಯಲ್ಲಿದ್ದು 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ದಕ್ಷಿಣ ಭಾರತದ ಚರಿತ್ರೆಯನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್, ಎಮ್ಮೆಯ ಕೊಂಬಿನಿಂದ ಮಾಡಿ ಕೈಗೆ ಹೊಂದುವಂತೆ ಕೂರಿಸಿದ, ನಾಲ್ಕು ಚೂಪು ಗೆಣ್ಣುಗಳಿದ್ದ ಈ ಸಾಧನವನ್ನೂ, ತೊಡೆಯ ಅರ್ಧದವರೆಗಿನ ಕಿತ್ತಳೆ ಬಣ್ಣದ ಚಲ್ಲಣ ತೊಟ್ಟ ಜಟ್ಟಿಗಳನ್ನೂ ವಿವರವಾಗಿ ಬಣ್ಣಿಸಿದ್ದಾನೆ. ಇಂದಿನ ಕಾಳಗದಲ್ಲಿಯೂ ಜಟ್ಟಿಗಳು ತಲೆ ಬೋಳಿಸಿ, ಕೇಸರಿ ಚಲ್ಲಣ ತೊಟ್ಟು, ಮೈಗೆ ಎಣ್ಣೆ ಹಚ್ಚಿಕೊಂಡು, ದೇವಿಗೆ ಪೂಜೆ ಸಲ್ಲಿಸಿ ಕಣಕ್ಕೆ ಬರುತ್ತಾರೆ. ಉಸ್ತಾದರು, ಎಂದರೆ ಗರಡಿಯ ಗುರುಗಳು, ಪಕ್ಕದಲ್ಲಿಯೇ ನಿಂತಿರುತ್ತಾರೆ. ಇಬ್ಬರಲ್ಲಿ ಒಬ್ಬನ ತಲೆಯಿಂದ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ಬಹಳ ಸಲ ಅದಕ್ಕೆ ಒಂದೆರಡು ನಿಮಿಷವೂ ಬೇಕಾಗುವುದಿಲ್ಲ. ನೋಡುವವರಿಗೆ ಇದು ಹಠಾತ್ ಹೊಡೆದಾಟದಂತೆ ಕಂಡರೂ, ಎಡಗೈಯಿಂದ ಎದುರಾಳಿಯ ಬಲಮಣಿಕಟ್ಟನ್ನು ತಡೆಯುವುದು, ಮುಂದಲೆಯನ್ನು ಕಾಯ್ದುಕೊಳ್ಳುವಂತೆ ಭುಜವನ್ನು ಎತ್ತುವುದು, ಕಾಲನ್ನು ಎದುರಾಳಿಯ ಕಾಲಿನ ಹೊರಬದಿಗೆ ತರುವುದು ಇವೆಲ್ಲವೂ ಕಲಿಯದೆ ಬರುವಂತಹವಲ್ಲ. ಕಲಿಸುವಾಗ ಮೊನೆಯ ಆಯುಧವನ್ನು ನಿತ್ಯವೂ ಬಳಸುವುದು ಸಾಧ್ಯವಿಲ್ಲವಾದ್ದರಿಂದ, ನಿಜವಾದ ಅಭ್ಯಾಸವೆಲ್ಲ ಬರಿಗೈಯ ಕುಸ್ತಿಯಲ್ಲಿಯೇ ಆಗಬೇಕು. ಕುಸ್ತಿ ಬಾರದವನ ಕೈಯಲ್ಲಿ ವಜ್ರಮುಷ್ಟಿ ಇದ್ದರೂ ಪ್ರಯೋಜನವಿಲ್ಲ.

ಜಟ್ಟಿಗಳ ವಿದ್ಯೆ ಮನೆತನದ ಒಳಗಿನದು. ತಂದೆಯಿಂದ, ಸೋದರಮಾವನಿಂದ, ಕುಲದ ಹಿರಿಯ ಉಸ್ತಾದನಿಂದ ಅದು ಸಾಗಿಬಂದಿತೇ ಹೊರತು ಹೊರಗಿನವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇದಕ್ಕೆ ಪ್ರತಿಯಾಗಿ ಹಳೆಯ ಮೈಸೂರಿನ ಗರಡಿಮನೆ, ಊರಿನ ಹಲವು ಜಾತಿಮತಗಳ ಹುಡುಗರು ಒಂದೇ ಮಣ್ಣಿನಲ್ಲಿ ಹೊರಳಾಡುತ್ತಿದ್ದ ಜಾಗ. ಉಸ್ತಾದ, ಪೈಲ್ವಾನ, ತಾಲೀಮು, ಅಖಾಡ ಮೊದಲಾದ ಮಾತುಗಳು ಜಟ್ಟಿ, ಗರಡಿ, ಸಾಮು, ಪಟ್ಟು ಎಂಬ ಮಾತುಗಳ ಪಕ್ಕದಲ್ಲಿ ಯಾವ ಸಂಕೋಚವೂ ಇಲ್ಲದೆ ನಿಂತಿರುವುದರಿಂದಲೇ, ಹಿಂದೂ ಮುಸ್ಲಿಂ ಉಸ್ತಾದರ ನಡುವೆ ಈ ವಿದ್ಯೆ ಹೇಗೆ ಹರಿದಾಡಿತೆಂಬುದು ತಿಳಿಯುತ್ತದೆ. (ತುಳುನಾಡಿನ ಗರಡಿಯ ಕಥೆ ಬೇರೆ. ಅಲ್ಲಿ ಕೋಟಿ ಚೆನ್ನಯರ ಆರಾಧನೆಯ ಸ್ಥಾನವಾಗಿ ಗರಡಿ ದೈವದ ಮನೆಯೇ ಆಯಿತು.)

ಮೈಸೂರು ಸೀಮೆಯ ಗರಡಿ ತಗ್ಗಾದ ಬಾಗಿಲಿನ, ಕಿಟಕಿ ಕಡಿಮೆಯಿರುವ, ನೆಲಮಟ್ಟಕ್ಕಿಂತ ತುಸು ಇಳಿದಿರುವ ಕಟ್ಟಡ. ಒಳಗೆ ಹೋಗುವವನು ಬಾಗಿಯೇ ಹೋಗಬೇಕು. ಗೋಡೆಯ ಗೂಡಿನಲ್ಲಿ ಆಂಜನೇಯನೋ ದೇವಿಯೋ. ಮೂಲೆಯಲ್ಲಿ ಗದೆ, ಕಲ್ಲುಗುಂಡು. ನಡುವೆ ಮಟ್ಟಿ, ಅಂದರೆ ಎಣ್ಣೆ, ಅರಿಸಿನ, ಕುಂಕುಮ ಮೊದಲಾದವನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನ ಕಣ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ಕೆಲಸ ಈ ಮಣ್ಣಿನದೇ: ಗುದ್ದಲಿಯಿಂದ ಅಗೆಯುವುದು, ಹೆಂಟೆ ಒಡೆಯುವುದು, ಕಲ್ಲು ಹರಳು ಆರಿಸುವುದು, ಮತ್ತೆ ಸಮ ಮಾಡುವುದು. ಇದರಿಂದ ಸೊಂಟ, ಬೆನ್ನು, ಮುಂಗೈಗಳಿಗೆ ಬಲ ಬರುವುದು ಒಂದು ಲಾಭ. ಹುಡುಗ ನಿಲ್ಲುವವನೋ ವಾರದಲ್ಲಿ ಬಿಟ್ಟುಹೋಗುವವನೋ ಎಂಬುದನ್ನು ಉಸ್ತಾದನು ಒಂದು ಮಾತೂ ಆಡದೆ ತಿಳಿದುಕೊಳ್ಳುವುದು ಇನ್ನೊಂದು. ಆಮೇಲೆ ಸಾಮು, ಎಂದರೆ ದಂಡ ಮತ್ತು ಬಸ್ಕಿಗಳ ನಿತ್ಯದ ಅಭ್ಯಾಸ. ಅದು ಮೈಗೆ ಹತ್ತಿದ ಮೇಲಷ್ಟೆ ಹಿರಿಯ ಶಿಷ್ಯನೊಡನೆ ಜೋಡಿ. ಹಿರಿಯನು ಇಲ್ಲಿ ಗೆಲ್ಲಲು ಆಡುವುದಿಲ್ಲ; ಕಿರಿಯನಿಗೆ ಬೇಕಾದಷ್ಟೇ ಬಲ ಕೊಟ್ಟು, ಅವನ ಹಿಡಿತ ಎಲ್ಲಿ ಸಡಿಲವೆಂಬುದನ್ನು ಅವನಿಗೇ ತಿಳಿಯುವಂತೆ ಮಾಡುತ್ತಾನೆ. ಧೋಬಿ ಪಟ್ಟಿನಂತಹ ಒಂದು ಪಟ್ಟು, ಅಂದರೆ ಎದುರಾಳಿಯ ತೋಳನ್ನು ಹಿಡಿದು ಬೆನ್ನಿನ ಮೇಲಿಂದ ಮುಂದಕ್ಕೆ ಬೀಳಿಸುವ ವರಸೆ, ಬಾಯಲ್ಲಿ ಹೇಳಿದರೆ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಬೀಳುವವನ ತೂಕ ಯಾವ ಕ್ಷಣದಲ್ಲಿ ತನ್ನ ಸೊಂಟದ ಮೇಲೆ ಬರುತ್ತದೆಂಬುದು ನೂರಾರು ಸಲ ಬಿದ್ದವನಿಗಲ್ಲದೆ ತಿಳಿಯದು.

ಕುಸ್ತಿಯ ಜೊತೆಗೆ ಗರಡಿಗಳಲ್ಲಿ ದೊಣ್ಣೆವರಸೆ, ಕತ್ತಿವರಸೆಗಳನ್ನೂ ಕಲಿಸುತ್ತಿದ್ದರು. ವರಸೆ ಎಂದರೆ ಹೆಜ್ಜೆ, ತಿರುವು, ಬೀಸು, ತಡೆಗಳ ಗೊತ್ತಾದ ಸರಣಿ. ಇದನ್ನು ಒಬ್ಬನೇ ಅಭ್ಯಾಸ ಮಾಡಬಹುದು, ಜಾತ್ರೆ ಮೆರವಣಿಗೆಗಳಲ್ಲಿ ಪ್ರದರ್ಶಿಸಲೂಬಹುದು. ಮೆರವಣಿಗೆಯಲ್ಲಿ ಚೆಂದ ಕಾಣುವುದರಿಂದಲೇ ವರಸೆಗೆ ಒಂದು ಅಪಾಯವಿತ್ತು: ಎದುರಾಳಿಯೇ ಇಲ್ಲದೆ ವರಸೆ ಹಾಕುವವನಿಗೆ ತನ್ನ ತಪ್ಪು ತಿಳಿಯುವುದಿಲ್ಲ. ಹಾಗಾಗಿ ಒಳ್ಳೆಯ ಉಸ್ತಾದನು ಒಂಟಿ ವರಸೆಯ ನಂತರ ಜೋಡಿ ವರಸೆಗೆ ಇಳಿಸುತ್ತಿದ್ದ.

ಈ ಸಮಸ್ಯೆ ಕನ್ನಡನಾಡಿನದು ಮಾತ್ರವಲ್ಲ. ಇಂದು ನಗರಗಳ ಉದ್ಯಾನಗಳಲ್ಲಿ ನಿಧಾನಗತಿಯ ವ್ಯಾಯಾಮವೆಂದು ಪರಿಚಿತವಾಗಿರುವ ಚೀನಾದ ತಾಯ್ ಚಿ, ಮೂಲತಃ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯೊಂದರಲ್ಲಿ ಉಳಿದಿದ್ದ ಕಾದಾಟದ ವಿದ್ಯೆ. 19ನೆಯ ಶತಮಾನದಲ್ಲಿ ಯಾಂಗ್ ಲುಚಾನ್ ಎಂಬ ಹೊರಗಿನವನು ಆ ಮನೆತನದ ಚೆನ್ ಚಾಂಗ್‌ಶಿಂಗ್‌ನಿಂದ ಅದನ್ನು ಕಲಿತು ಬೀಜಿಂಗಿನಲ್ಲಿ ಕಲಿಸಿದ ಮೇಲೆ ಅದು ಹಲವು ಕವಲುಗಳಾಗಿ ಹರಡಿತು. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ ಜನಸಾಮಾನ್ಯರಿಗಾಗಿ 24 ಭಂಗಿಗಳ ಸರಳ ರೂಪವನ್ನು ಸಿದ್ಧಪಡಿಸಿತು. 2020ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸರಳ ರೂಪ ಕೋಟ್ಯಂತರ ಜನರನ್ನು ಮುಟ್ಟಿತು, ವಯಸ್ಸಾದವರ ಕಾಲಿನ ಹಿಡಿತಕ್ಕೆ ಸಹಾಯವನ್ನೂ ಮಾಡಿತು. ಆದರೆ ಆ ವಿದ್ಯೆಯ ತಿರುಳನ್ನು ಹುಡುಕುವವರು ಇಂದಿಗೂ ಕೇಳುವ ಮೊದಲ ಪ್ರಶ್ನೆ, ಗುರುವಾದವನು ಒಂಟಿ ಭಂಗಿಗಳ ಜೊತೆಗೆ ತಳ್ಳುಗೈ ಎನ್ನಬಹುದಾದ ಜೋಡಿ ಅಭ್ಯಾಸವನ್ನು, ಅಂದರೆ ಇಬ್ಬರು ಮುಂಗೈ ತಾಗಿಸಿ ನಿಂತು ಪರಸ್ಪರರ ಸಮತೋಲವನ್ನು ಪರೀಕ್ಷಿಸುವುದನ್ನು, ಕಲಿಸುತ್ತಾನೆಯೇ ಎಂಬುದು. ಚನ್ನಪಟ್ಟಣದ ಜಟ್ಟಿಗೂ ಚೆನ್ ಹಳ್ಳಿಯ ಗುರುವಿಗೂ ಚಾರಿತ್ರಿಕ ಸಂಬಂಧವೇನೂ ಇಲ್ಲ; ಆದರೂ ಮನೆತನದ ವಿದ್ಯೆ ಬಯಲಿಗೆ ಬಂದಾಗ ಏನನ್ನು ಉಳಿಸಿಕೊಂಡರೆ ಅದು ವಿದ್ಯೆಯಾಗಿಯೇ ಉಳಿಯುತ್ತದೆ ಎಂಬ ಬಗ್ಗೆ ಎರಡೂ ಕಡೆಯ ಅನುಭವ ಒಂದೇ ಆಗಿದೆ.

ವಂಶದ ಹೆಸರಾಗಲಿ ಗುರುಪರಂಪರೆಯ ಹೇಳಿಕೆಯಾಗಲಿ ವಿದ್ಯೆ ಅಪ್ಪಟವೆನ್ನಲು ಸಾಲದು. ಮೈಸೂರಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ಆರಂಭಿಸಿದರು. ಅವರು ಕಲಿಸಿದ ಆಸನಕ್ರಮಕ್ಕೆ ಆಧಾರವೆನ್ನಲಾದ ಪ್ರಾಚೀನ ಗ್ರಂಥ ಯಾರ ಕೈಗೂ ಸಿಗಲಿಲ್ಲ. ಅದಕ್ಕೆ ಬದಲಾಗಿ, ಅರಮನೆಯ ವ್ಯಾಯಾಮ ಸಂಪ್ರದಾಯವೂ ಕುಸ್ತಿಗಾರರ ಸಾಮೂ ಆ ಕ್ರಮದಲ್ಲಿ ಬೆರೆತಿವೆಯೆಂದು ವಿದ್ವಾಂಸ ಎನ್. ಇ. ಶೋಮನ್ 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದರು. ಗ್ರಂಥ ಸಿಗದಿದ್ದರೂ ಆ ಶಾಲೆಯ ಶಿಷ್ಯರು ಜಗತ್ತಿನಾದ್ಯಂತ ಹೆಸರಾದರು. ಅವರ ದೇಹವೇ ಅವರ ಕಲಿಕೆಗೆ ಸಾಕ್ಷಿಯಾಯಿತು. ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ, 'ಶಾಂತಲಾ' ಕಾದಂಬರಿಯ ಕರ್ತೃವೂ ಆದ ಕೆ. ವಿ. ಅಯ್ಯರ್ ಅವರು ಅಂಚೆಯ ಮೂಲಕ ದೂರದೂರದ ಶಿಷ್ಯರಿಗೆ ಪಾಠ ಕಳುಹಿಸುತ್ತಿದ್ದರು. ದೇಹಸೌಷ್ಠವವನ್ನು ಅಂಚೆಯಲ್ಲಿ ಕಲಿಸಬಹುದಿತ್ತು, ಕನ್ನಡಿಯೇ ಪರೀಕ್ಷಕನಾಗಬಹುದಿತ್ತು. ಕುಸ್ತಿಯನ್ನು ಹಾಗೆ ಕಲಿಸಲಾಗದು.

ಗರಡಿಗಳ ಇಳಿಗಾಲಕ್ಕೆ ಯಾರನ್ನೂ ದೂರುವಂತಿಲ್ಲ. ಪಾಳೆಯಪಟ್ಟುಗಳು ಅಳಿದವು, ಕಟ್ಟಾಳುಗಳು ಬೇಸಾಯಕ್ಕೆ ಮರಳಿದರು. ಟಿಪ್ಪುವಿನ ಕಾಲದ ಬ್ರಿಟಿಷ್ ಸೆರೆಯಾಳುಗಳ ಬರಹಗಳಲ್ಲಿ ಜಟ್ಟಿಗಳು ಮರಣದಂಡನೆ ಜಾರಿಗೊಳಿಸುವ ಕ್ರೂರಿಗಳಾಗಿ ಕಾಣಿಸಿಕೊಂಡುದರಿಂದ (ಶತ್ರುಗಳ ಬರಹವೆಂಬ ಎಚ್ಚರದಿಂದಲೇ ಅವನ್ನು ಓದಬೇಕು) ಹೊಸ ಆಡಳಿತದ ಕಣ್ಣಿನಲ್ಲಿ ಅವರಿಗೆ ಗೌರವವೂ ಉಳಿಯಲಿಲ್ಲ. 1971ರಲ್ಲಿ ರಾಜಧನ ರದ್ದಾದ ಮೇಲೆ ಅರಮನೆಯ ಆಶ್ರಯ ಕುಗ್ಗಿತು. ವಜ್ರಮುಷ್ಟಿ ಕಾಳಗ ರಾಜಮನೆತನದ ಖಾಸಗಿ ಆಚರಣೆಯಾಗಿ ಉಳಿದರೆ, ದಸರಾ ಕುಸ್ತಿ ಸರ್ಕಾರದ ಉತ್ಸವದ ಭಾಗವಾಗಿ ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ನಡೆಯುತ್ತಿದ್ದು, ಅಲ್ಲಿ 'ದಸರಾ ಕಂಠೀರವ' ಬಿರುದಿಗಾಗಿ ಇಂದಿಗೂ ಪೈಪೋಟಿಯಿದೆ. ಸ್ಪರ್ಧಾತ್ಮಕ ಕುಸ್ತಿ ಮಣ್ಣಿನಿಂದ ಮ್ಯಾಟಿಗೆ ಹೋದಂತೆ, 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಂತಹ ಕಡೆ ತರಬೇತಾದ ಕೋಚ್‌ಗಳು ಉಸ್ತಾದರ ಸ್ಥಾನಕ್ಕೆ ಬಂದರು. ಇದನ್ನು ನಷ್ಟವೆಂದೇ ಹೇಳುವುದು ಸರಿಯಲ್ಲ. ಕೋಚ್‌ನ ಶಿಷ್ಯನೂ ಎದುರಾಳಿಯ ಮುಂದೆ ನಿಲ್ಲಲೇಬೇಕು, ಆದ್ದರಿಂದ ಪರೀಕ್ಷೆ ಅಲ್ಲಿಯೂ ಉಳಿದಿದೆ. ಉಳಿಯದಿರುವುದು ಉಸ್ತಾದನ ಜೊತೆಗಿನ ನಿತ್ಯದ ಒಡನಾಟ, ಉಳುಕು ತೆಗೆಯುವ ಮತ್ತು ಕೀಲು ಕೂರಿಸುವ ಕೈಚಳಕ, ಆಹಾರ ಮತ್ತು ನಡತೆಯ ಮೇಲಿನ ನಿಗಾ.

ಚನ್ನಪಟ್ಟಣದ ಜಟ್ಟಿಗಳ ಸ್ಥಿತಿ ಇದಕ್ಕೆ ವಿಲೋಮವಾದುದು. ಅವರಿಗೆ ಪರೀಕ್ಷೆಯ ದಿನ ವರ್ಷಕ್ಕೊಮ್ಮೆ ಬರುತ್ತದೆ; ಆದರೆ ವರ್ಷವಿಡೀ ಸಾಮು ಮಾಡುವಷ್ಟು ಬಿಡುವು ಬೇರೆ ಬೇರೆ ಉದ್ಯೋಗಗಳಲ್ಲಿರುವ ಇಂದಿನ ತರುಣರಿಗೆ ಇರುವುದು ಕಷ್ಟ. ಸಮುದಾಯವೊಂದರ ಒಳಗೇ ಮುಚ್ಚಿಟ್ಟ ವಿದ್ಯೆಗೆ ಇದು ಬರಲೇಬೇಕಾದ ಇಕ್ಕಟ್ಟು. ಅದನ್ನು ಹೊರಗಿನವರಿಗೆ ತೆರೆಯಬೇಕೇ ಬೇಡವೇ ಎಂಬುದು ಆ ಮನೆತನಗಳೇ ತೀರ್ಮಾನಿಸಬೇಕಾದ ವಿಷಯ. ಪೂಜೆ ಮತ್ತು ಹರಕೆಯ ಅಂಗವಾದ ಆಚರಣೆಯನ್ನು ತರಗತಿಯಾಗಿ ಮಾರಬೇಕೆಂದು ಹೊರಗಿನವರು ಒತ್ತಾಯಿಸುವುದು ಉಚಿತವಲ್ಲ.

ದಾಖಲಾತಿಯ ಮಾತು ಬೇರೆ. ಅದಕ್ಕೆ ತಕ್ಕ ಸಂಸ್ಥೆ ಹತ್ತಿರದಲ್ಲೇ ಇದೆ. ಎಚ್. ಎಲ್. ನಾಗೇಗೌಡರು 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು, ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು 1994ರಿಂದ ನಡೆಸುತ್ತಿದ್ದು, ಅಲ್ಲಿ ಜನಪದ ಕಲೆಗಳ ಸಂಗ್ರಹವೂ ಕಲಿಕೆಯೂ ನಡೆದುಬಂದಿವೆ. ಈ ಭಾಗದ ಪೂಜಾ ಕುಣಿತದಂತಹ ಕಲೆಯಲ್ಲಿ, ಅಲಂಕರಿಸಿದ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ತಮಟೆಯ ಗತಿಗೆ ಕುಣಿಯುವವನ ಕತ್ತು, ಸೊಂಟ, ಪಾದಗಳ ಹೊಂದಾಣಿಕೆಯೂ ಗರಡಿಯ ವಿದ್ಯೆಯಷ್ಟೇ ಶ್ರಮದ್ದು. ಅಂತಹ ಕಲೆಗೆ ದೊರೆತ ಗಮನ ಮಲ್ಲವಿದ್ಯೆಗೂ ದೊರೆಯಬೇಕು. ಇದುವರೆಗಿನ ಛಾಯಾಚಿತ್ರ, ವಿಡಿಯೊ, ವರದಿಗಳಲ್ಲಿ ಹೆಚ್ಚಿನವು ವಿಜಯದಶಮಿಯ ಆ ಒಂದೆರಡು ನಿಮಿಷದ್ದೇ ಆಗಿದ್ದು, ರಕ್ತ ಚಿಮ್ಮಿದ ಕ್ಷಣವನ್ನೇ ಹಿಡಿದಿಡುತ್ತವೆ. ಆ ಕ್ಷಣಕ್ಕೆ ಮುಂಚೆ ಉಸ್ತಾದನು ಹುಡುಗನಿಗೆ ಏನನ್ನು ಮೊದಲು, ಏನನ್ನು ಆಮೇಲೆ ಕಲಿಸುತ್ತಾನೆ, ತಪ್ಪಿದಾಗ ಹೇಗೆ ತಿದ್ದುತ್ತಾನೆ, ಯಾವ ಲಕ್ಷಣ ಕಂಡು ಇವನು ಕಾಳಗಕ್ಕೆ ಸಿದ್ಧನೆಂದು ನಿರ್ಧರಿಸುತ್ತಾನೆ ಎಂಬುದನ್ನು ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರು, ಮೈಸೂರುಗಳ ಹಿರಿಯ ಉಸ್ತಾದರ ಬಾಯಿಂದಲೇ, ಅವರ ಒಪ್ಪಿಗೆಯ ಮೇರೆಗೆ, ಅವರು ಬದುಕಿರುವಾಗಲೇ ಬರೆದಿಡುವ ಕೆಲಸವನ್ನು ಜಾನಪದ ವಿದ್ವಾಂಸರೂ ವಿಶ್ವವಿದ್ಯಾಲಯಗಳೂ ಕೈಗೆತ್ತಿಕೊಳ್ಳಬೇಕು.